ಮಚ್ಚಿನ ಪ್ಯಾರಾ

ಪೋಲೆಂಡ್ ದೇಶದ ಹುಡುಗ ಹುಡುಗಿಯರಿಗೆ ಕಳ್ಳತನ, ಕೊಲೆ, ಚುನಾವಣೆಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕಲಿಸುವುದು ನನ್ನ ಈಗಿನ ಕಸುಬು. ಕಾಲೇಜಿನ ಕೆಲಸದಿಂದ ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ ಹಿಡಿದದ್ದು. ಮಂಡ್ಯದ ನನ್ನ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಕಂಪ್ಯೂಟರಿನ ಮುಂದೆ ಕೂತರೆ ಅಲ್ಲಿ ಅವರಿಗೆ ಇನ್ನೂ ಬೆಳಗಿನ ಕಾಫಿಯ ಹೊತ್ತು. ಅವರ ಪರೀಕ್ಷೆಗೆ ಮೂರು ವಿಷಯ: ರಾಜಕೀಯ, ಅಪರಾಧ, ಸಮಾಜ. ಒಂದೊಂದಕ್ಕೂ ಕಾರ್ಡುಗಳು, ಕಾರ್ಡಿನ ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ ಉತ್ತರದಲ್ಲಿ ಸೇರಿಸಿದರೆ ಒಳ್ಳೆಯ ಅಂಕ ಬರುವಂಥ ಹತ್ತು ಹನ್ನೆರಡು ಸಿದ್ಧ ವಾಕ್ಯಗಳು. ಆ ಮೂರು ತಲೆಬರಹಗಳನ್ನು ಮೊದಲ ಸಲ ಒಟ್ಟಿಗೆ ನೋಡಿದಾಗ ನನಗೆ ನಗು ಬಂತು. ಆಮೇಲೆ ಕಂಪ್ಯೂಟರ್ ಆರಿಸಿ ಎದ್ದುಬಿಟ್ಟೆ. ಯಾಕೆಂದರೆ ಈ ಮೂರೂ ಪಾಠಗಳನ್ನು ನಾನು ಹದಿಮೂರನೇ ವಯಸ್ಸಿನಲ್ಲೇ ಮದ್ದೂರಿನ ನಮ್ಮ ಮನೆಯ ನಡುಮನೆಯಲ್ಲಿ ನಿಂತು ಬಾಯಿಪಾಠ ಒಪ್ಪಿಸಿದ್ದೆ, ಮತ್ತು ಆ ಬಾಯಿಪಾಠದಿಂದಲೇ ನಮ್ಮವ್ವನ ತವರು ಮನೆಯ ಬಾಗಿಲು ಮುಚ್ಚಿಹೋಗಿತ್ತು. ಮುಚ್ಚಿದವಳು ನಾನು. ಇದನ್ನು ಬರೆಯುವುದನ್ನು ಬಹಳ ದಿನದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ.

ಅಪ್ಪ ಅರ್ಜಿ ಬರೆಯುವವನು. ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಮಡಚುವ ಮೇಜು ಹಾಕಿ, ಅದರ ಮೇಲೆ ಟೈಪ್‌ರೈಟರ್ ಇಟ್ಟು ಕೂರುತ್ತಿದ್ದ. ಸಂಜೆ ಅದನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು ಮನೆಗೆ ತಂದರೆ ಅದಕ್ಕೆಂದೇ ನಡುಮನೆಯ ಕಿಟಕಿಯ ಪಕ್ಕ ಒಂದು ಮಣೆ. ಆ ಮಣೆಯ ಮೇಲೆ ನಾವು ಯಾರೂ ಕೂರುವಂತಿರಲಿಲ್ಲ. ಸೋಮವಾರ ಅವ್ವ ದೇವರ ಗೂಡಿಗೆ ಹೂ ಮುಡಿಸಿದ ಮೇಲೆ ಉಳಿದ ಒಂದು ಎಸಳು ಟೈಪ್‌ರೈಟರಿಗೂ ಬೀಳುತ್ತಿತ್ತು. ಮನೆಯೇನು ದೊಡ್ಡದಲ್ಲ. ಮುಂದೆ ಜಗಲಿ, ಒಳಗೆ ಈ ನಡುಮನೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆಮರ. ಆದರೆ ಬೆಳಗಾಗುತ್ತಲೇ ಜಗಲಿಯ ಮೇಲೆ ಜನ. ಯಲಿಯೂರಿನಿಂದ ಮೊದಲ ರೈಲಿಗೆ ಬಂದವರು, ಮಳವಳ್ಳಿ ಕಡೆಯಿಂದ ಬಸ್ಸಿಗೆ ಬಂದವರು, ಕಚೇರಿ ಬಾಗಿಲು ತೆಗೆಯುವ ಮೊದಲೇ ಅರ್ಜಿ ಕೈಯಲ್ಲಿರಲಿ ಎನ್ನುವವರು. ಬದು ಒತ್ತಿದ್ದು, ಮೇಕೆ ಮೇಯ್ದದ್ದು, ಸೊಸೆ ತವರಿಗೆ ಹೋದವಳು ಬರದೇ ಇದ್ದದ್ದು ಎಲ್ಲವನ್ನೂ ಅಲ್ಲಿಯೇ ಹೇಳಿಕೊಳ್ಳುತ್ತಿದ್ದರು. ಅವ್ವ ಒಳಗಿನಿಂದಲೇ ಕೇಳಿಸಿಕೊಂಡು, ಯಾರಿಗೆ ನ್ಯಾಯ ಯಾರಿಗೆ ಅನ್ಯಾಯ ಎಂದು ಅಪ್ಪ ಕಾಗದ ಏರಿಸುವ ಮೊದಲೇ ತೀರ್ಮಾನ ಮಾಡಿ, ಅನ್ಯಾಯವಾದವರಿಗೆ ಮಾತ್ರ ಕಾಫಿ ಕಳಿಸುತ್ತಿದ್ದಳು.

ಅಪ್ಪ ಅರ್ಜಿಗಳನ್ನು ಇಂಗ್ಲಿಷಿನಲ್ಲೇ ಹೊಡೆಯುತ್ತಿದ್ದ. ಅದಕ್ಕೆ ಅವನದೇ ಲೆಕ್ಕಾಚಾರವಿತ್ತು.

"ಕನ್ನಡ ಅರ್ಜಿ ಗುಮಾಸ್ತನ ಮೇಜಲ್ಲೇ ಮನಿಕ್ಕತದೆ ಕಣ್ ಮಗಾ. ಇಂಗ್ಲಿಷ್ ಅರ್ಜಿ ನೆಟ್ಟಗೆ ಸಾಹೇಬ್ರ ತಾವ್ಕೆ ಓಯ್ತದೆ."

ಸಾಹೇಬರ ತಾವಿಗೆ, ಅಂದರೆ ತಹಸೀಲ್ದಾರರ ಕೈಗೆ, ಹೋದ ಮೇಲೆ ಅದನ್ನು ಅವರು ಓದಬೇಕಲ್ಲ. ಅದಕ್ಕಾಗಿ ಅಪ್ಪ ಮೂರು ಪ್ಯಾರಾ ಇಟ್ಟುಕೊಂಡಿದ್ದ. ಅರ್ಜಿ ಯಾವುದೇ ಇರಲಿ, ಬಂದವರು ಹೇಳಿದ ಸಂಗತಿಯ ಹಿಂದೆಯೇ ಈ ಮೂರೂ ಬರಬೇಕು. ಒಂದು, ಎದುರುಗಾರನು ರಾಜಕೀಯ ಬೆಂಬಲ ಉಳ್ಳವನಾಗಿದ್ದು ಕಾನೂನಿಗೆ ಹೆದರುವವನಲ್ಲ. ಎರಡು, ಅವನು ಮಚ್ಚು ಹಿಡಿದು ಬಂದು ನಿನ್ನನ್ನು ಜೀವಸಹಿತ ಉಳಿಸುವುದಿಲ್ಲವೆಂದು ಬೆದರಿಸಿರುತ್ತಾನೆ. ಮೂರು, ಇವನನ್ನು ಹೀಗೇ ಬಿಟ್ಟಲ್ಲಿ ಗ್ರಾಮದ ಶಾಂತಿ ಕದಡಿ ಅಮಾಯಕರ ಪ್ರಾಣಹಾನಿಯಾಗುವ ಸಂಭವವಿರುತ್ತದೆ. ಇದು ಅಪ್ಪನೊಬ್ಬನ ಕೈಚಳಕವಲ್ಲ, ಮರದ ಕೆಳಗೆ ಕೂರುತ್ತಿದ್ದ ಎಲ್ಲ ಅರ್ಜಿಯವರ ಪದ್ಧತಿ. ಸಾಹೇಬರಿಗೂ ಗೊತ್ತಿತ್ತು. ಅವರು ಮೇಲಿನ ನಾಲ್ಕು ಗೆರೆ ಓದಿ, ಮಚ್ಚನ್ನು ದಾಟಿಕೊಂಡು, ಕೊನೆಯಲ್ಲಿ ಬೇಡಿಕೆ ಏನಿದೆ ನೋಡಿ ಸಹಿ ಹಾಕುತ್ತಿದ್ದರು. ಬಂದವರಿಗೆ ಅಪ್ಪ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುವಾಗಲೂ ಅವರು ಹೇಳಿದಷ್ಟನ್ನೇ ಓದುತ್ತಿದ್ದ. ಆ ಮೂರು ಪ್ಯಾರಾ ಸಾಹೇಬರ ಪಾಲಿನವು, ಬಂದವರಿಗೇಕೆ. ಅವ್ವನಿಗೆ ಮಾತ್ರ ಇದು ದೊಡ್ಡ ತಮಾಷೆ.

"ಕೋಳಿ ಕಳ್ದೋದ್ರೂ ಮಚ್ಚು, ಕುಂಬಳಕಾಯಿ ಕಳ್ದೋದ್ರೂ ಮಚ್ಚು. ನಿಮ್ಮಪ್ಪನ ಅರ್ಜಿ ನೋಡುದ್ರೆ ಈ ಸೀಮೇಲಿ ಮಚ್ಚಿಲ್ದೆ ಯಾರೂ ನೀರಿಗೂ ಓಗಲ್ಲ ಅನ್ಕಬೇಕು."

ನನ್ನ ಇಂಗ್ಲಿಷ್ ಅಭ್ಯಾಸ ಶುರುವಾದದ್ದು ಈ ಮೂರು ಪ್ಯಾರಾಗಳಿಂದ. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಕಂಬಕ್ಕೆ ಒರಗಿ ಕೂರುವುದು, ನಾನು ಎದುರಿಗೆ ಕೈಕಟ್ಟಿ ನಿಂತು ಒಪ್ಪಿಸುವುದು. ತಮ್ಮಂದಿರಿಬ್ಬರಿಗೂ ಹೇಳಿಕೊಡಲು ನೋಡಿದ. ಅವರು ಮೊದಲ ಪ್ಯಾರಾಕ್ಕೇ ಆಕಳಿಸಿದ್ದರಿಂದ ಪಾಠ ನನ್ನ ಪಾಲಿಗೇ ಬಂತು. ಅಡುಗೆಮನೆಯಲ್ಲಿ ಅವ್ವ ಮುದ್ದೆ ತಿರುವುತ್ತಿರುವ ಸದ್ದು, ಉಪ್ಸಾರಿನ ಖಾರದ ವಾಸನೆ, ಹಸಿದ ತಮ್ಮಂದಿರ ಕೆಂಗಣ್ಣು. ಮೂರನೆಯದು ತಪ್ಪಿಲ್ಲದೆ ಮುಗಿಯುವ ತನಕ ತಟ್ಟೆ ಹಾಕುವಂತಿರಲಿಲ್ಲ. ರಾಜಕೀಯ ಎಂದರೇನು, ಶಾಂತಿ ಕದಡುವುದೆಂದರೇನು ನನಗೆ ಗೊತ್ತಿರಲಿಲ್ಲ. ಆದರೆ ಹೇಳುವಾಗ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಆ ಖುಷಿ ಸುಳ್ಳಲ್ಲ. ಕ್ಲಾಸಿನಲ್ಲಿ ಬೇರೆ ಮಕ್ಕಳು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸುತ್ತಿದ್ದಾಗ ನಾನು ಒಬ್ಬನ ಮೇಲೆ ಕೊಲೆ ಬೆದರಿಕೆಯ ಆರೋಪ ಹೊರಿಸಬಲ್ಲವಳಾಗಿದ್ದೆ. ಅಪ್ಪ ಇನ್ನೊಂದು ಮಾತನ್ನೂ ಆ ಹೊತ್ತಿನಲ್ಲೇ ಹೇಳಿಕೊಟ್ಟಿದ್ದ.

"ಅರ್ಜಿ ಬರಿಯೋನಿಗೆ ನೆಂಟ್ರು ಇಷ್ಟ್ರು ಇಲ್ಲ ಮಗಾ. ನೆಂಟ ಅಂತ ಒಂದ್ ಗೆರೆ ಕಮ್ಮಿ ಬರುದ್ರೆ ಅವತ್ತೇ ಕಸುಬು ಸತ್ತೋಯ್ತದೆ."

ನಮ್ಮ ಮನೆಗೆ ನೆಂಟರು ಎಂದರೆ ಮುಖ್ಯವಾಗಿ ಪುಟ್ಟಸ್ವಾಮಿ ಮಾವ. ಗೆಜ್ಜಲಗೆರೆಯಿಂದ ಒಳಗೆ ಹೋದರೆ ಸಿಗುವ ಊರು ಅವ್ವನ ತವರು, ಮಾವ ಅವಳ ಒಬ್ಬನೇ ತಮ್ಮ. ಸಂತೆ ದಿನ ತಪ್ಪದೆ ಬರುತ್ತಿದ್ದ. ಟವೆಲ್ಲಿನಲ್ಲಿ ಅವರೆಕಾಯಿ ಕಟ್ಟಿಕೊಂಡೋ ಕಬ್ಬಿನ ಜಲ್ಲೆ ಹೊತ್ತೋ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತು ಉಣ್ಣುತ್ತಿದ್ದ. ಅಲ್ಲಿ ಕೂತರೆ ಅಕ್ಕನನ್ನು ರೇಗಿಸಲು ಅನುಕೂಲ. ಉಪ್ಸಾರು ಅಂತೀಯ, ಉಪ್ಪೆಲ್ಲವ್ವ ಎನ್ನುವನು. ಅವ್ವ ಸೌಟು ಎತ್ತುವಳು. ಆ ಒಂದು ಹೊತ್ತು ಅವ್ವ ನಮ್ಮ ತಾಯಿಯಂತೆ ಕಾಣದೆ ಯಾರದೋ ಮನೆಯ ಹುಡುಗಿಯಂತೆ ನಗುತ್ತಿದ್ದಳು, ಅದನ್ನು ನೋಡಲು ನನಗೆ ಎಲ್ಲಿಲ್ಲದ ಆಸೆ. ನನ್ನ ಪ್ಯಾರಾಗಳನ್ನು ಮಾವ ಹೇಳಿಸಿ ಕೇಳುತ್ತಿದ್ದ, ಅರ್ಥ ಕೇಳಿ ತಿಳಿದುಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನನ್ ಮೇಲೂ ಒಂದ್ ಬರ್ದಾಕು ಮಗಾ. ಊರಲ್ಲಿ ಒಸಿ ಮರ್ವಾದೆನಾರ ಸಿಗ್ಲಿ."

ಆ ವರ್ಷ ಅವನಿಗೆ ವೈದ್ಯನಾಥಪುರದಲ್ಲಿ ಹೆಣ್ಣು ನಿಶ್ಚಯವಾಗುವುದರಲ್ಲಿತ್ತು. ದೇವಸ್ಥಾನದ ನೆಪದಲ್ಲಿ ಹೋಗಿ ಮೂರು ಸಲ ನೋಡಿಕೊಂಡು ಬಂದಿದ್ದ. ನಾಲ್ಕನೇ ಸಲ ಹೋಗಬೇಡ, ಪೂಜಾರಿಗೇ ಅನುಮಾನ ಬರುತ್ತದೆ ಎಂದು ಅಪ್ಪ ತಮಾಷೆ ಮಾಡಿದ್ದ. ಎಲೆ ಅಡಿಕೆ ಬದಲಾಯಿಸುವ ಭಾನುವಾರ ಗೊತ್ತಾಗಿ, ಅವ್ವ ಆ ಹುಡುಗಿಗೆಂದು ಒಂದು ಹಸಿರು ಸೀರೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದಳು.

ಅದಕ್ಕೆ ಎಂಟು ಹತ್ತು ದಿನ ಮೊದಲು ಅಪ್ಪ ಅವ್ವ ಇಬ್ಬರೂ ತಮ್ಮಂದಿರನ್ನು ಕರೆದುಕೊಂಡು ಮಳವಳ್ಳಿಗೆ ಒಂದು ತಿಥಿಗೆ ಹೋದರು. ನನಗೆ ಪರೀಕ್ಷೆ ಇದ್ದುದರಿಂದ ಮನೆಯಲ್ಲೇ ಉಳಿದೆ. ಬೆಳಗ್ಗೆ ಎಂಟರ ಹೊತ್ತಿಗೆ ಅವ್ವನ ಊರಿನ ನಿಂಗಮ್ಮ ಬಂದಳು. ಗಂಡನಿಲ್ಲದ ಹೆಂಗಸು, ಅವಳ ಗದ್ದೆಯೂ ಮಾವನ ಗದ್ದೆಯೂ ಅಕ್ಕಪಕ್ಕ. ಅಪ್ಪ ಊರಲ್ಲಿಲ್ಲವೆಂದು ಕೇಳಿ ಜಗಲಿಯ ಮೇಲೆ ಕುಸಿದು ಕೂತಳು.

"ಇವತ್ತೊಂದಿನವೇ ಸಾಹೇಬ್ರು ಸಿಗದು ಅಂದ್ರು ಕಣವ್ವ. ನಾಲೆ ನೀರು ನಂದು ಸುಕ್ರುವಾರದ ಸರದಿ. ಎರಡ್ ವಾರದಿಂದ್ಲೂ ನಿಮ್ ಮಾವ ತನ್ ಗದ್ದೆಗೆ ತಿರ್ಗುಸ್ಕತಾವ್ನೆ. ಕೇಳುದ್ರೆ ನಾಳೆ ಬುಡ್ತೀನಿ ಓಗಕ್ಕ ಅಂತನೆ. ಒಳ್ಳೆ ಹೈದನೇ, ನೀರಲ್ಲಿ ಮಾತ್ರ ಆಸೆಬುರುಕ. ನೀರಗಂಟಿಗೆ ಒಂದ್ ಮಾತು ಏಳ್ಸುದ್ರೆ ಸಾಕು ನಂಗೆ."

ನೀರಗಂಟಿ ಎಂದರೆ ನಾಲೆಯ ನೀರನ್ನು ಸರದಿಯಂತೆ ಬಿಡುವವನು. ಅವನಿಗೆ ಮೇಲಿನಿಂದ ಒಂದು ಮಾತು ಹೋಗಬೇಕು, ಅಷ್ಟೇ ಅವಳ ಬೇಡಿಕೆ. ನಾನೇ ಬರೆದುಕೊಡುತ್ತೇನೆ ಎಂದೆ. ಅವಳು ಹೂಂ ಅಂದಳು, ಪಾಪ, ಬೇರೆ ದಾರಿಯಿರಲಿಲ್ಲ. ಅಪ್ಪನ ಹಳೆಯ ಕಾರ್ಬನ್ ಪ್ರತಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಹೆಸರು ಊರು ಬದಲಿಸಿ, ಸರದಿಯ ಸಂಗತಿ ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸೋಣ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ, ಎದುರುಗಾರ ನನ್ನ ಮಾವ. ಆದರೆ ಹಾಗೆ ಅನ್ನಿಸಿದ್ದಕ್ಕೇ ನನಗೆ ನಾಚಿಕೆಯಾಯಿತು. ಮಾವ ಅಂತ ಒಂದು ಗೆರೆ ಕಡಿಮೆ ಬರೆದಳು ಎಂದು ಅಪ್ಪ ನಾಳೆ ಅಂದರೆ? ನೆಂಟಸ್ತಿಕೆ ನೋಡದ ಅರ್ಜಿಯವಳಾಗಿ ಮೂರೂ ಪ್ಯಾರಾವನ್ನು ಒಂದಕ್ಷರ ಬಿಡದೆ ಹೊಡೆದೆ. ರಾಜಕೀಯ ಬೆಂಬಲ, ಮಚ್ಚು, ಪ್ರಾಣಹಾನಿ. ಕೆಳಗೆ ಬರೆದವರು ಎನ್ನುವಲ್ಲಿ ಅಪ್ಪನ ಹೆಸರು. ನಿಂಗಮ್ಮನಿಗೆ ಅಪ್ಪ ಓದಿ ಹೇಳುವಂತೆಯೇ ನೀರಿನ ಭಾಗವನ್ನಷ್ಟೇ ಓದಿ ಹೇಳಿದೆ. ಅವಳು ಹೆಬ್ಬೆಟ್ಟು ಒತ್ತಿ, ನನ್ನ ಗಲ್ಲ ಹಿಡಿದು, ನಿಮ್ಮಪ್ಪನ್ ಮೀರುಸ್ದೆ ಕಣವ್ವ ಎಂದು ಹೇಳಿ ಹೋದಳು. ಆ ಮಾತಿಗೆ ನಾನು ಮಧ್ಯಾಹ್ನದವರೆಗೂ ಬೀಗುತ್ತಿದ್ದೆ. ನೀರು ಬಿಡಿಸಿದ ಸುದ್ದಿ ಬಂದಾಗ ಒಟ್ಟಿಗೇ ಹೇಳೋಣವೆಂದು, ಅಪ್ಪ ಅವ್ವ ಬಂದ ಮೇಲೂ ನಿಂಗಮ್ಮ ಬಂದದ್ದನ್ನೇ ಹೇಳಲಿಲ್ಲ.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹಳೆಯ ಸಾಹೇಬರು ಹೋಗಿ ಅದೇ ವಾರ ಹೊಸಬರು ಬಂದಿದ್ದರು. ಬೇರೆ ಸೀಮೆಯವರು, ನಮ್ಮ ಕಡೆಯ ಅರ್ಜಿಯ ರೂಢಿ ತಿಳಿಯದವರು. ಬರೆದದ್ದನ್ನೆಲ್ಲ ನಿಜವೆಂದು ಓದುತ್ತಿದ್ದರು. ಮರದ ಕೆಳಗಿನವರು ಎರಡೇ ದಿನದಲ್ಲಿ ಇದನ್ನು ತಿಳಿದು ಮಚ್ಚಿನ ಪ್ಯಾರಾವನ್ನು ಕೈಬಿಟ್ಟಿದ್ದರು, ಅಪ್ಪನೂ ಬಿಟ್ಟಿದ್ದ. ಮನೆಯಲ್ಲಿ ಹೇಳಲು ಅವನಿಗೆ ನೆನಪಾಗಿರಲಿಲ್ಲ. ಅರ್ಜಿ ಪೊಲೀಸರಿಗೆ ಹೋಯಿತು. ಗದ್ದೆಯಲ್ಲಿ ಮಂಡಿಯವರೆಗೆ ಕೆಸರಾಗಿ ನಿಂತಿದ್ದ ಮಾವನನ್ನು ಕರೆದುಕೊಂಡು, ಊರಿನ ನಡುಬೀದಿಯಲ್ಲಿ ನಡೆಸಿಕೊಂಡು ಹೋದರು. ಎರಡು ದಿನ ಠಾಣೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ವೈದ್ಯನಾಥಪುರಕ್ಕೆ ಸುದ್ದಿ ಮುಟ್ಟಿತ್ತು. ಹೆಂಗಸಿನ ಮೇಲೆ ಮಚ್ಚು ಎತ್ತಿದವನಿಗೆ ಹೆಣ್ಣು ಕೊಡುವುದಿಲ್ಲವೆಂದು ಹೇಳಿಕಳಿಸಿದರು.

ಬಿಟ್ಟ ಕೂಡಲೇ ಮಾವ ನೇರ ನಮ್ಮ ಮನೆಗೆ ಬಂದ. ಕಾಲಿನ ಕೆಸರು ಒಣಗಿ ಬಿರಿದಿತ್ತು. ಅವ್ವ ಓಡಿಬಂದಳು, ನಾನು ತಂಬಿಗೆಯಲ್ಲಿ ನೀರು ತಂದೆ. ಅವನು ಹೊಸ್ತಿಲು ದಾಟಲಿಲ್ಲ.

"ಭಾವ, ಕಾಗ್ದದ ಕೆಳ್ಗೆ ನಿನ್ನೆಸರೈತೆ. ನೀನೇ ಬರುದ್ಯಾ?"

ತಾನು ಬರೆಯದ ಕಾಗದ ಯಾರ ಕೈಯದೆಂದು ಅಪ್ಪನಿಗೆ ಹೊಳೆದಿರಬೇಕು, ನನ್ನ ಕಡೆ ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅಳುತ್ತಿದ್ದೆ, ಅತ್ತಿದ್ದರೆ ಎಲ್ಲವೂ ಹೊರಗೆ ಬರುತ್ತಿತ್ತು. ಅಪ್ಪ ತಲೆ ತಗ್ಗಿಸಿದ.

"ಊಂ ಕಣಪ್ಪ. ನಾನೇ ಬರ್ದಿದ್ದು."

"ಒಸಾ ಸಾಹೇಬ್ರು ಬರ್ದಿದ್ದೆಲ್ಲ ನಂಬ್ತಾರೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಮಾವ ನನ್ನ ಕೈಯಲ್ಲಿದ್ದ ತಂಬಿಗೆಯನ್ನು ಮುಟ್ಟಲಿಲ್ಲ. ಅಕ್ಕನ ಕಡೆ ನೋಡಿ, ಬತ್ತೀನಿ ಅಂತ ಅನ್ನಲ್ಲ ಕಣಕ್ಕ ಎಂದು ಹೇಳಿ ಜಗಲಿ ಇಳಿದು ಹೋದ. ಅವ್ವ ಬೀದಿಯ ತಿರುವಿನವರೆಗೂ ಹಿಂದೆ ಓಡಿ ಒಬ್ಬಳೇ ವಾಪಸ್ಸು ಬಂದಳು. ಅವತ್ತು ಒಲೆ ಹಚ್ಚಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಟೈಪ್‌ರೈಟರಿಗೆ ಕೈಹಾಕಿದಾಗ ಅವಳು ಹೇಳಿದ್ದು ಒಂದೇ ಮಾತು.

"ನನ್ ತವರು ಬಾಗ್ಲಿಗೆ ಮೊಳೆ ಒಡ್ದು ಬುಟ್ಟೆಯಲ್ಲ, ಇನ್ನೂ ಯಾರ ಬಾಗ್ಲಿಗೆ ಒಡಿಯಕ್ಕೆ ಹೊಂಟೆ?"

ಅಪ್ಪ ಹಿಂಬಾಗಿಲಿನಿಂದ ಹೊರಗೆ ಹೋದ. ನಾನು ಹಿತ್ತಲಿನಲ್ಲಿ ಅವನನ್ನು ತಡೆದು, ಅವ್ವನಿಗೆ ಹೇಳಿಬಿಡುತ್ತೇನೆ ಎಂದೆ. "ಸುಮ್ಕಿರು ಮಗಾ," ಎಂದ. "ಮೂರು ಪ್ಯಾರಾ ಕಲ್ಸಿದ್ದು ನಾನು. ಇದು ನನ್ ಪಾಲಿಂದು." ಸಂಜೆಯ ಪಾಠ ಅಲ್ಲಿಗೆ ನಿಂತಿತು. ಅಪ್ಪ ಆ ಮೂರನ್ನೂ ಮತ್ತೆಂದೂ ಯಾರಿಗೂ ಬರೆಯಲಿಲ್ಲ. ಅವ್ವ ಅವನಿಗೆ ಮುದ್ದೆ ಇಟ್ಟು, ಸಾರು ಬಡಿಸಿ, ಇನ್ನೊಂದು ಹಿಡಿ ಬೇಕೇ ಎಂದು ಕೇಳದೆ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಕೇಳದೇ ಇರುವುದು ಎಷ್ಟು ದೊಡ್ಡ ಶಿಕ್ಷೆಯೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಅರಿಸಿನ ಕುಂಕುಮ, ಬಳೆ, ಬೆಲ್ಲ ಹಿಡಿದು ಬರುತ್ತಿದ್ದ ಮಾವ ಆ ವರ್ಷ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅವ್ವ ಮಾತ್ರ ಪ್ರತಿ ಹಬ್ಬಕ್ಕೂ ತಲೆಗೆ ನೀರು ಹಾಕಿಕೊಂಡು ಜಗಲಿಯ ಮೇಲೆ ಕೂತು ಗೆಜ್ಜಲಗೆರೆ ಕಡೆಯ ಬಸ್ಸುಗಳನ್ನು ನೋಡುತ್ತಿದ್ದಳು. ಎರಡು ವರ್ಷದ ಮೇಲೆ ಮಾವನಿಗೆ ಬೇರೆ ಕಡೆ ಮದುವೆಯಾಯಿತು. ಲಗ್ನಪತ್ರಿಕೆ ಅವ್ವನ ಹೆಸರಿಗೆ ಮಾತ್ರ ಬಂತು. ಅವಳು ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಇವೆಲ್ಲ ನನ್ನ ಕಣ್ಣೆದುರು ನಡೆದವು. ನಾನು ಬಾಯಿಬಿಡಲಿಲ್ಲ. ಮೊದಲು ಹೆದರಿಕೆ, ಆಮೇಲೆ ಅಪ್ಪನ ಮಾತು ಎನ್ನುವ ನೆಪ, ಆಮೇಲೆ ಇಷ್ಟು ವರ್ಷವಾದ ಮೇಲೆ ಯಾಕೆ ಎನ್ನುವ ಸೋಮಾರಿತನ. ಅಪ್ಪ ತೀರಿಕೊಂಡ, ಮಾವ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಬಂದ. ಅಕ್ಕನಿಗೆ ಮೂರು ಹಿಡಿ ಮಣ್ಣು ಹಾಕಿ, ಪಕ್ಕದಲ್ಲೇ ಇದ್ದ ಅಪ್ಪನ ಸಮಾಧಿ ಗುಡ್ಡೆಯ ಕಡೆ ತಿರುಗಿಯೂ ನೋಡದೆ ಹೋದ.

ಈ ಚಳಿಗಾಲದಲ್ಲಿ ಮಾಗ್ದಾ ಎಂಬ ಪೋಲೆಂಡಿನ ಹುಡುಗಿ ಅಪರಾಧದ ಕಾರ್ಡು ತೆಗೆದುಕೊಂಡಳು. ನಿಮ್ಮ ನೆರೆಹೊರೆಯಲ್ಲಿ ನಡೆದ ಅಪರಾಧವೊಂದನ್ನು ವಿವರಿಸಿ. ಅವಳು ಒಂದೂ ಕಡೆ ತಡೆಯದೆ ಹೇಳಿದಳು. ಚಾಕು ಹಿಡಿದ ಗುಂಪು, ಅವರ ಬೆನ್ನಿಗೆ ರಾಜಕಾರಣಿಗಳು, ನೆಮ್ಮದಿ ಕಳೆದುಕೊಂಡ ಸಮಾಜ. ಕಾರ್ಡಿನ ಹನ್ನೆರಡು ವಾಕ್ಯವೂ ಬಂದವು. ಇದನ್ನು ನೀನು ನೋಡಿದೆಯಾ ಎಂದು ಕೇಳಿದೆ. ಇಲ್ಲ ಎಂದಳು, ನಮ್ಮ ಬೀದಿಯಲ್ಲಿ ಒಂದು ಸೈಕಲ್ ಕಳುವಾಗಿತ್ತು ಅಷ್ಟೇ, ಆದರೆ ಸೈಕಲ್ಲಿಗೆ ಅಂಕ ಬರುವುದಿಲ್ಲ, ಚಾಕು ಇರಬೇಕು. ನನಗೆ ಎಲ್ಲಿಂದ ಬಂತೋ ಸಿಟ್ಟು, ಆ ಮಗುವಿನ ಮೇಲೆ ರೇಗಿಬಿಟ್ಟೆ. ಯಾರ ಕೈಗೆ ಚಾಕು ಕೊಡುತ್ತಿದ್ದೀಯ ಗೊತ್ತಾ ಎಂದು ಕೂಗಿದೆ. ಅವಳು ಹೆದರಲಿಲ್ಲ, ನಿಮಗೇನಾಯಿತು ಎಂದು ಮೆಲ್ಲಗೆ ಕೇಳಿದಳು. ನಲವತ್ತೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನಾನು ಆವತ್ತು ಆರು ಸಾವಿರ ಕಿಲೋಮೀಟರೋ ಎಷ್ಟೋ ದೂರದ, ಊರು ಕೇರಿ ತಿಳಿಯದ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನೀರಿನ ಸರದಿ, ಕೆಸರು ಕಾಲು, ತಂಬಿಗೆ. ಸಿದ್ಧ ವಾಕ್ಯ ಒಂದೂ ಬರಲಿಲ್ಲ. ಅವಳು ಕೇಳಿದ್ದು ಎರಡೇ ಪ್ರಶ್ನೆ. ಆ ಮಾವ ಬದುಕಿದ್ದಾರಾ? ಅವರ ಊರು ದೂರವಾ? ಬಸ್ಸಿನಲ್ಲಿ ಅರ್ಧ ಗಂಟೆ ಎಂದು ಹೇಳುವಾಗ ನನಗೆ ಮುಖ ಎತ್ತಲಾಗಲಿಲ್ಲ.

ಮರುದಿನ ಬಸ್ಸಿನಲ್ಲಿ, ಕಾರ್ಖಾನೆಯ ಶಿಫ್ಟಿಗೆ ಹೋಗುವವರ ನಡುವೆ ನಿಂತುಕೊಂಡು ಗೆಜ್ಜಲಗೆರೆಗೆ ಹೋದೆ. ಅಲ್ಲಿಂದ ಆಟೋ. ಮಾವ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಎಪ್ಪತ್ತು ದಾಟಿದೆ, ಕಣ್ಣು ಚೆನ್ನಾಗಿದೆ. ನನ್ನನ್ನು ಕಂಡು, ಉಂಡ್ಯಾ ಎಂದು ಕೇಳಿದ. ಮೊದಲು ಒಂದು ಮಾತು ಹೇಳುತ್ತೇನೆ, ಆಮೇಲೂ ಉಣ್ಣು ಅಂದರೆ ಉಣ್ಣುತ್ತೇನೆ ಎಂದು ಹೇಳಿ, ನಿಂತುಕೊಂಡೇ ಹೇಳಿದೆ. ಅವನು ಕಾಯಿ ಬಿಡಿಸುತ್ತಲೇ ಕೇಳಿದ, ಕೊನೆಕೊನೆಗೆ ಕೈ ನಿಂತಿತು.

"ನಿಂಗಮ್ಮ ಅವತ್ತೇ ಅಂದ್ಲು, ಬರ್ದಿದ್ದು ಕೂಸು ಅಂತ. ಮುಚ್ಚು ಬಾಯ, ಮಾಡದೆಲ್ಲ ಮಾಡಿ ಕೂಸಿನ್ ಮೇಲೆ ಆಕ್ತೀಯಾ ಅಂತ ಉಗುದ್ ಕಳುಸ್ದೆ. ಸಾಯೋಗಂಟ ಮಾತಾಡ್ನಿಲ್ಲ ಅವಳ ತಾವ."

ಅವನು ಮತ್ತೆ ಹೇಳಿದ.

"ನಿಮ್ಮವ್ವ ಇದ್ದಾಗ ಬರ್ಬೇಕಾಗಿತ್ತು ನೀನು. ನನ್ಗಲ್ಲ, ಅವಳಿಗೆ. ಗಂಡನ್ ಮಕ ನೋಡ್ದೆ ಬದುಕುದ್ಲಲ್ಲ ಅಕ್ಕ."

"ತಪ್ಪಾಯ್ತು ಮಾವ."

"ತಪ್ಪಾಯ್ತು ಅನ್ನೋದ್ನ ನಾನ್ ಯಾರ್ಗೇಳ್ಲಿ? ನಿಮ್ಮಪ್ಪನ್ ಮಣ್ಣಿಗೂ ಓಗ್ನಿಲ್ವಲ್ಲ ನಾನು."

ಅವನು ಮೊರವನ್ನು ಪಕ್ಕಕ್ಕಿಟ್ಟು ಎದ್ದ. ಒಳಗೆ ಹೋಗಿ ಶರಟು ಹಾಕಿಕೊಂಡು, ಟವೆಲ್ ಹೆಗಲಿಗೆಸೆದು ಬಂದ. ನಾನು ಹಿಂದೆ ನಡೆದೆ. ಬಸ್ಸಿನಲ್ಲಿ 'ಮದ್ದೂರು ಎರಡು' ಎಂದು ಟಿಕೆಟ್ ತೆಗೆದುಕೊಂಡವನೂ ಅವನೇ. ಮದ್ದೂರಿನ ನಮ್ಮ ಜಮೀನಿನ ಮೂಲೆಯಲ್ಲಿ ಅಪ್ಪ ಅವ್ವ ಅಕ್ಕಪಕ್ಕ ಮಲಗಿದ್ದಾರೆ. ಅಪ್ಪನ ಗುಡ್ಡೆಯ ಮೇಲೆ ತುಂಬೆ ಗಿಡ, ಗರಿಕೆ ಬೆಳೆದು, ಗುಡ್ಡೆ ತಗ್ಗಿಹೋಗಿತ್ತು. ಮಾವ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಗಿಡ ಕಿತ್ತು ಹಾಕಿದ. ನಾನೂ ಬಗ್ಗಿ ಕೀಳಲು ಹೋದೆ.

"ನೀನು ಅತ್ಲಾಗೋಗಿ ನಿಂತ್ಕೊ ಮಗಾ," ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾವಿಬ್ರೂ ಒಸಿ ಮಾತಾಡ್ಕಬೇಕು."

ನಾನು ಬದುವಿನ ತುದಿಗೆ ಹೋಗಿ ನಿಂತೆ. ಮಾವ ಮೂರು ಹಿಡಿ ಮಣ್ಣು ಹಾಕಿದ. ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತು ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ಒಂದು ಸಲ ನಕ್ಕಂತೆ ಕಂಡಿತು, ಒಂದು ಸಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಏನು ಹೇಳುತ್ತಿದ್ದಾನೋ ನಾನಿದ್ದ ಕಡೆಗೆ ಒಂದೂ ತಿಳಿಯುತ್ತಿರಲಿಲ್ಲ. ಗಾಳಿ ಈ ಕಡೆಗೆ ಬಂದಾಗ ಮಾತ್ರ, ಮಾತಿನ ನಡುನಡುವೆ, ಭಾವ, ಭಾವ ಎನ್ನುವುದೊಂದು ಕೇಳಿಸುತ್ತಿತ್ತು.